ಮೇ ತಿಂಗಳ ಲೆಕ್ಕ

ಬೀದಿಗೆ ಬಿದ್ದ ಪ್ರಾಣಿಗಳಿಗೆ ರಾಯಚೂರಿನಲ್ಲೊಂದು ಆಸರೆ ಕಟ್ಟಬೇಕು ಅಂದುಕೊಂಡವರು ಮೊದಲು ಕೇಳುವುದು ಜಾಗದ ಬಗ್ಗೆ. ಎಲ್ಲಿ ಸಿಗುತ್ತೆ, ಎಷ್ಟು ಎಕರೆ ಬೇಕು, ಯಾರು ದಾನ ಕೊಡಬಹುದು. ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ ಇದೆ. ಮೇ ತಿಂಗಳ ಮೂರನೇ ವಾರ. ಕಾಲುವೆ ಬಂದ್ ಆಗಿದೆ, ಬೋರ್‌ವೆಲ್ಲು ನೀರಿಗಿಂತ ಗಾಳಿಯನ್ನೇ ಹೆಚ್ಚು ಎಳೆಯುತ್ತಿದೆ, ಮಧ್ಯಾಹ್ನ ಹೋದ ಕರೆಂಟು ಸಂಜೆಯಾದರೂ ಬಂದಿಲ್ಲ. ಆ ದಿನ ಎಷ್ಟು ಜೀವಗಳಿಗೆ ನೆರಳು, ನೀರು, ಮೇವು ಕೊಟ್ಟು, ಒಂದರ ರೋಗ ಇನ್ನೊಂದಕ್ಕೆ ಅಂಟದಂತೆ ಇಟ್ಟುಕೊಳ್ಳಬಲ್ಲಿರಿ? ಬರುವ ಉತ್ತರವೇ ನಿಮ್ಮ ಶೆಲ್ಟರಿನ ಅಳತೆ. ನವೆಂಬರಿನ ತಂಪಿನಲ್ಲಿ ನೂರು ನಾಯಿ ಸಾಕುವುದು ಕಷ್ಟವೆನಿಸುವುದಿಲ್ಲ. ಆ ನೂರರಲ್ಲಿ ಎಷ್ಟು ಉಳಿಯುತ್ತವೆ ಅನ್ನುವುದನ್ನು ಮೇ ತಿಂಗಳೇ ಹೇಳುತ್ತದೆ.

ಶೆಲ್ಟರುಗಳು ಸೋಲುವುದು ಪ್ರೀತಿ ಕಡಿಮೆಯಾಗಿ ಅಲ್ಲ, ನಲವತ್ತರ ಜಾಗಕ್ಕೆ ಎಪ್ಪತ್ತನ್ನು ತುಂಬಿ. ಒಂದೇ ಕೋಣೆಯಲ್ಲಿ ನಾಯಿಗಳು ಹೆಚ್ಚಾದಂತೆ ನಿದ್ದೆ ಕೆಡುತ್ತದೆ, ಅನ್ನಕ್ಕೆ ಜಗಳ ಶುರುವಾಗುತ್ತದೆ, ಮೈಯ ಕಸುವು ಇಳಿಯುತ್ತದೆ. ಆಗ ಒಂದು ಮರಿಗೆ ಬಂದ ಪಾರ್ವೊ, ಅಂದರೆ ರಕ್ತಭೇದಿ ತರುವ ವೈರಸ್ ರೋಗ, ವಾರದೊಳಗೆ ಇಡೀ ಸಾಲನ್ನು ಮಲಗಿಸುತ್ತದೆ. ಆಳುಗಳ ಲೆಕ್ಕಕ್ಕೆ ಒಂದು ಹಳೆಯ ಅಳತೆ ಇದೆ: ಒಂದು ನಾಯಿಗೆ ದಿನಕ್ಕೆ ಕಡಿಮೆಯೆಂದರೆ ಹದಿನೈದು ನಿಮಿಷ. ಅದರಲ್ಲಿ ಒಂಬತ್ತು ನಿಮಿಷ ಸ್ವಚ್ಛತೆಗೆ, ಆರು ನಿಮಿಷ ಊಟ ನೀರಿಗೆ. ನಲವತ್ತು ನಾಯಿಗೆ ಅದೇ ಹತ್ತು ಗಂಟೆಯಾಯಿತು. ಮೈ ಸವರುವುದು, ಔಷಧಿ ಹಾಕುವುದು, ಆಸ್ಪತ್ರೆಗೆ ಒಯ್ಯುವುದು ಇದರಲ್ಲಿ ಸೇರಿಲ್ಲ. ಹಾಗಾಗಿ ನಲವತ್ತು ನಾಯಿ ಅಂದರೆ ಇಬ್ಬರು ಪೂರ್ತಿ ದಿನದವರು. ದನಗಳಿದ್ದರೆ ಅವಕ್ಕೊಬ್ಬರು. ಈ ಮೂವರಲ್ಲಿ ಯಾರಾದರೂ ಜಾತ್ರೆಗೋ ಮದುವೆಗೋ ಹೋದ ದಿನ ಕೈಜೋಡಿಸಲು ಇನ್ನೊಬ್ಬರು. ಸ್ವಯಂಸೇವಕರು ಭಾನುವಾರ ಬರುತ್ತಾರೆ, ಬರಲಿ. ಆದರೆ ಮಂಗಳವಾರ ಬೆಳಿಗ್ಗೆ ಆರಕ್ಕೆ ಪೊರಕೆ ಹಿಡಿಯುವವರನ್ನು ಸಂಬಳ ಕೊಟ್ಟೇ ಇಟ್ಟುಕೊಳ್ಳಬೇಕು.

ಈಗ ನೀರು. ನಲವತ್ತು ನಾಯಿ, ಹನ್ನೆರಡು ದನ ಅಂತ ಇಟ್ಟುಕೊಳ್ಳೋಣ. ಹದಿನೈದು ಕೆಜಿಯ ನಾಯಿ ತಂಪು ದಿನಗಳಲ್ಲಿ ಲೀಟರಿನಷ್ಟು ಕುಡಿಯುತ್ತದೆ. ಬೇಸಿಗೆಯಲ್ಲಿ ಬುಟ್ಟಿಯ ನೀರು ಬದಲಿಸುವುದೂ ಸೇರಿ ಮೂರು ಲೀಟರ್ ಹಿಡಿಯಿರಿ, 120 ಲೀಟರ್. ಗೂಡು ತೊಳೆಯಲು ತಲಾ ಹತ್ತು ಲೀಟರ್, 400. ದನ ಮೇ ತಿಂಗಳಲ್ಲಿ ಸರಾಸರಿ ಎಪ್ಪತ್ತು ಲೀಟರ್ ಕುಡಿಯುತ್ತದೆ, 840. ಕೊಟ್ಟಿಗೆ ತೊಳೆಯಲು 240. ಅಡುಗೆ, ಪಾತ್ರೆ, ಆಳುಗಳಿಗೆ 200. ಮಧ್ಯಾಹ್ನ ಗೋಣಿಪರದೆಗೆ ನೀರು ಹೊಡೆಯಲು, ಕಾದ ಮೈ ತಣಿಸಲು 300. ಒಟ್ಟು 2,100 ಲೀಟರ್, ಅದೂ ದಿನಕ್ಕೆ. ಟ್ಯಾಂಕರಿನವನು ಇವತ್ತು ಬರುತ್ತೇನೆಂದು ನಾಳಿದ್ದು ಬರುವ ಊರಲ್ಲಿ ಒಂದು ವಾರದ ನೀರು ನೆಲದೊಳಗೆ ಇರಲೇಬೇಕು, ಅಂದರೆ ಸುಮಾರು 15,000 ಲೀಟರ್. ಹತ್ತಡಿ ಉದ್ದ, ಎಂಟಡಿ ಅಗಲ, ಆರೂವರೆ ಅಡಿ ಆಳದ ಸಂಪು ಇಷ್ಟನ್ನು ಹಿಡಿಯುತ್ತದೆ. ಗೂಡು ಕಟ್ಟುವ ಮೊದಲು ಈ ಸಂಪು ಕಟ್ಟಿ. ಬೋರಿನ ನೀರನ್ನು ಒಮ್ಮೆ ಪರೀಕ್ಷೆಗೆ ಕೊಡಿ. ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಹಳ್ಳಿಗಳಲ್ಲಿ ಅಂತರ್ಜಲಕ್ಕೆ ಫ್ಲೋರೈಡ್ ಕಾಟವಿದೆ. ವರ್ಷಗಟ್ಟಲೆ ಅದನ್ನೇ ಕುಡಿದ ದನಗಳ ಹಲ್ಲು ಕಂದಿ ಸವೆಯುತ್ತದೆ, ಕೀಲು ಬಿಗಿಯುತ್ತದೆ.

ಜಾಗ ನೋಡುವಾಗ ನಮ್ಮ ಕಡೆಯವರು ಮಣ್ಣನ್ನು ಮರೆಯಬಾರದು. ಎರೆಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಅಗ್ಗಕ್ಕೆ ಸಿಗಬಹುದು, ದಾನವಾಗಿಯೂ ಬರಬಹುದು. ಆದರೆ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಕೈ ತೂರುವಷ್ಟು ಬಿರುಕು ಬಿಡುತ್ತದೆ, ಅದರ ಮೇಲೆ ಕಟ್ಟಿದ ಗೋಡೆಯೂ ಜೊತೆಗೇ ಸೀಳುತ್ತದೆ. ಸೀಳಿದ ನೆಲದಲ್ಲಿ ಉಚ್ಚೆ ಇಂಗುತ್ತದೆ, ಉಣ್ಣೆ ಮೊಟ್ಟೆಯಿಡುತ್ತದೆ. ಮಳೆಗಾಲದಲ್ಲಿ ಅದೇ ನೆಲ ಮೊಣಕಾಲುದ್ದ ಕೆಸರು, ಗಾಡಿಯೂ ಒಳಗೆ ಬರದು, ಡಾಕ್ಟರೂ ಬರರು. ಮಸಾರಿ, ಅಂದರೆ ಕೆಂಪು ಮಣ್ಣಿನ ಭೂಮಿ ಸಿಕ್ಕರೆ ಅದನ್ನೇ ಹಿಡಿಯಿರಿ. ಎರೆಯೇ ಗತಿಯಾದರೆ ಕಟ್ಟಡದಷ್ಟು ಜಾಗದ ಎರೆಯನ್ನು ಬಗೆದು ತೆಗೆದು ಗರಸು ತುಂಬಿ, ನೀರು ಹೊಡೆದು, ಪದರ ಪದರವಾಗಿ ದಿಮ್ಮಸು ಹಾಕಬೇಕು. ಗೇಟಿನಿಂದ ಗೂಡಿನ ತನಕ ದಾರಿಗೂ ಗರಸು ಬೇಕು. ಇದೊಂದರಲ್ಲಿ ಉಳಿತಾಯ ಮಾಡಿದವರು ಎರಡನೇ ವರ್ಷ ಎರಡು ಪಟ್ಟು ಕಳೆದುಕೊಳ್ಳುತ್ತಾರೆ. ಕಟ್ಟಡ ಏಳುವ ಮೊದಲೇ ಬೇವು, ಹೊಂಗೆ ನೆಟ್ಟುಬಿಡಿ. ನೆರಳಿಗೆ ಮೂರ್ನಾಲ್ಕು ವರ್ಷ ಬೇಕು, ಅದನ್ನು ದುಡ್ಡು ಕೊಟ್ಟು ಕಡಿಮೆ ಮಾಡಲಾಗುವುದಿಲ್ಲ.

ಚಾವಣಿಗೆ ಎಲ್ಲರೂ ಹಾಕುವುದು ತಗಡು. ತಪ್ಪಲ್ಲ, ತಗ್ಗಾಗಿ ಹಾಕುವುದು ತಪ್ಪು. ಏಳಡಿ ಎತ್ತರದ ತಗಡಿನ ಕೆಳಗೆ ಮೇ ಮಧ್ಯಾಹ್ನ ನಿಂತರೆ ತಲೆಯ ಮೇಲೆ ಹೆಂಚು ಕಾದಂತಾಗುತ್ತದೆ. ಕಡಿಮೆಯೆಂದರೆ ಹತ್ತಡಿ, ಸಾಧ್ಯವಾದರೆ ಹನ್ನೆರಡು. ಶೆಡ್ಡಿನ ಉದ್ದ ಪೂರ್ವ-ಪಶ್ಚಿಮಕ್ಕಿರಲಿ. ಆಗ ಬೆಳಗಿನ, ಸಂಜೆಯ ಓರೆ ಬಿಸಿಲು ಅಗಲ ಕಡಿಮೆಯಿರುವ ಎರಡು ತುದಿಗಳಿಗೆ ಮಾತ್ರ ಬೀಳುತ್ತದೆ. ಆ ತುದಿಗಳಿಗೆ ಗೋಡೆ, ಉಳಿದೆರಡು ಬದಿ ಗಾಳಿಗೆ ತೆರವು, ಮೂರಡಿ ಹೊರಚಾಚು. ಪ್ರತಿ ಮಾರ್ಚಿನಲ್ಲಿ ತಗಡಿನ ಮೇಲೆ ಎರಡು ಕೈ ಸುಣ್ಣ ಬಳಿಸಿ. ಕಣಕಿ (ಜೋಳದ ಒಣ ದಂಟು) ಹಾಸಿ ಹಗ್ಗ ಬಿಗಿದರೆ ಇನ್ನೂ ತಂಪು, ಆದರೆ ಅಡುಗೆ ಒಲೆಯಿಂದ ದೂರವಿರಬೇಕು, ಮಳೆಗೆ ಮೊದಲು ಇಳಿಸಬೇಕು.

ಗೂಡಿನ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಅನುಕೂಲವಿದೆ. ಕಲ್ಲು ಕೈಗೆಟಕುತ್ತದೆ. ನಡುವಿನ ಅಡ್ಡಗೋಡೆಗೆ ನಾಲ್ಕಡಿ ಎತ್ತರದ ಚಪ್ಪಡಿ, ಅದರ ಮೇಲೆ ಮೂರಡಿ ಜಾಲರಿ. ಕೆಳಗೆಲ್ಲ ಜಾಲರಿಯೇ ಇದ್ದರೆ ಪಕ್ಕದ ನಾಯಿಗಳು ಮೂಗಿಗೆ ಮೂಗು ತಾಗಿಸುತ್ತವೆ, ಡಿಸ್ಟೆಂಪರ್ ಅನ್ನುವ ಅಂಟುರೋಗ ಹರಡಲು ಅಷ್ಟು ಸಾಕು. ಎದುರುಬದುರು ನೋಡುತ್ತಾ ದಿನವಿಡೀ ಬೊಗಳುತ್ತವೆ ಕೂಡ. ನೆಲಕ್ಕೆ ಶಹಾಬಾದ್ ಪರಸಿ ಒಳ್ಳೆಯದು, ನೆರಳಿನಲ್ಲಿ ತಣ್ಣಗಿರುತ್ತದೆ. ಆದರೆ ಕಲ್ಲಿನ ಸಂದುಗಳನ್ನು ಸಿಮೆಂಟಿನಿಂದ ಗಟ್ಟಿಯಾಗಿ ತುಂಬಬೇಕು, ವರ್ಷಕ್ಕೊಮ್ಮೆ ನೋಡಿ ಮತ್ತೆ ತುಂಬಬೇಕು. ಐವತ್ತು ಅಡಿಗೆ ಒಂದಡಿ ಇಳಿಜಾರು ಇರಲಿ. ಇಲ್ಲಿ ಮೇಸ್ತ್ರಿಗಳು ಮಾಡುವ ಒಂದು ತಪ್ಪು ಎಲ್ಲ ಕಡೆ ಕಾಣುತ್ತದೆ: ಚರಂಡಿಯನ್ನು ಗೂಡುಗಳ ಒಳಗಿನಿಂದಲೇ ಸಾಲಾಗಿ ಹರಿಸುತ್ತಾರೆ. ಒಂದನೇ ಗೂಡಿನ ಭೇದಿಯ ನೀರು ಎರಡು, ಮೂರು, ನಾಲ್ಕನೇ ಗೂಡು ದಾಟಿ ಹೊರಗೆ ಹೋಗುತ್ತದೆ. ಪ್ರತಿ ಗೂಡಿನ ನೀರು ತನ್ನ ಬಾಗಿಲಿನಿಂದ ನೇರ ಹೊರಗಿನ ಕಾಲುವೆಗೆ ಬೀಳಬೇಕು. ನಕ್ಷೆ ಕೈಯಲ್ಲಿ ಹಿಡಿದು, ಪರಸಿ ಹಾಸುವ ದಿನ ಪಕ್ಕದಲ್ಲೇ ನಿಂತು, ಬಕೆಟ್ ನೀರು ಸುರಿದು ನೋಡಿದರೆ ಮಾತ್ರ ಇದು ಸರಿಯಾಗುತ್ತದೆ.

ಒಂಟಿ ನಾಯಿಗೆ ನಾಲ್ಕಡಿ-ಆರಡಿ. ಹೊಂದಿಕೊಂಡವಕ್ಕೆ ಹತ್ತಡಿ-ಇಪ್ಪತ್ತಡಿಯ ಅಂಗಳದಲ್ಲಿ ಐದಾರು, ಹೆಚ್ಚಲ್ಲ. ಎಲ್ಲ ಕಡೆ ಎರಡು ಗೇಟು: ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವುದು.

ಕ್ವಾರಂಟೈನ್ ಇಲ್ಲದ ಶೆಲ್ಟರನ್ನು ಶುರುಮಾಡಲೇಬೇಡಿ. ಹೊಸದಾಗಿ ಬಂದ ಪ್ರತಿ ನಾಯಿಗೂ ಕಡಿಮೆಯೆಂದರೆ ಹದಿನಾಲ್ಕು ದಿನ ಬೇರೆ ಜಾಗ. ಪಾರ್ವೊ ಹೆಚ್ಚಾಗಿ ಒಂದು ವಾರದೊಳಗೆ, ತಡವಾದರೆ ಎರಡು ವಾರದೊಳಗೆ ಹೊರಬೀಳುತ್ತದೆ. ನಲವತ್ತು ನಾಯಿಯ ಶೆಲ್ಟರಿಗೆ ಎಂಟು ಕ್ವಾರಂಟೈನ್ ಗೂಡು ಬೇಕು, ಗಾಳಿ ಬೀಸುವ ದಿಕ್ಕಿನ ಕೊನೆಗೆ, ತನ್ನದೇ ಚರಂಡಿಯೊಂದಿಗೆ. ಎಂಟೂ ತುಂಬಿದ್ದರೆ ಅವತ್ತು ಫೋನ್ ಬಂದರೂ ಹೊಸ ನಾಯಿ ತರುವಂತಿಲ್ಲ. ಇದನ್ನು ಹೇಳುವಾಗ ಎದೆ ಭಾರವಾಗುತ್ತದೆ. ಫೋನಿನ ಆ ಕಡೆ ಇರುವವರು ಬೈಯುತ್ತಾರೆ, "ಮತ್ತೆ ಯಾಕೆ ಶೆಲ್ಟರ್ ಅಂತ ಬೋರ್ಡ್ ಹಾಕಿದ್ದೀರಿ" ಅನ್ನುತ್ತಾರೆ. ಆದರೂ ಇಲ್ಲ ಅನ್ನಬೇಕು. ಅವರಿಗೆ ಗಾಯ ತೊಳೆಯುವುದು ಹೇಗೆ, ಯಾವ ಡಾಕ್ಟರಿಗೆ ತೋರಿಸಬೇಕು, ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ಸೇವೆ ಪಶು ಸಂಜೀವಿನಿಯ 1962 ನಂಬರಿಗೆ ಏನು ಹೇಳಬೇಕು ಅಂತ ಹತ್ತು ನಿಮಿಷ ವಿವರಿಸಿ. ಆ ಹತ್ತು ನಿಮಿಷವೂ ಶೆಲ್ಟರಿನ ಕೆಲಸವೇ.

ರಾತ್ರಿ ಗೇಟಿಗೆ ಮರಿಗಳ ಡಬ್ಬಿ ಕಟ್ಟಿ ಹೋಗುವವರನ್ನು ಬೋರ್ಡಿನಿಂದಲೂ ಕ್ಯಾಮೆರಾದಿಂದಲೂ ಪೂರ್ತಿ ತಡೆಯಲಾಗದು. ಆದ್ದರಿಂದ ಗೇಟಿನ ಪಕ್ಕದಲ್ಲೇ, ಹೊರಗಿನಿಂದ ತೆರೆಯುವಂತೆ, ನೆರಳಿನಲ್ಲಿ ಎರಡು ಗೂಡು ಮಾಡಿ ನೀರಿಟ್ಟಿರಿ. ಬಿಟ್ಟು ಹೋಗುವವರು ಅಲ್ಲೇ ಬಿಡಲಿ. ಕಾಂಪೌಂಡಿನ ಮೇಲಿಂದ ಒಳಗೆ ಎಸೆದ ಒಂದು ಕಾಯಿಲೆಯ ಮರಿ ಇಡೀ ಶೆಲ್ಟರಿಗೆ ರೋಗ ತರುವುದಕ್ಕಿಂತ ಇದು ಮೇಲು. ಆ ಎರಡು ಗೂಡುಗಳೂ ಕ್ವಾರಂಟೈನಿನ ಲೆಕ್ಕಕ್ಕೇ ಸೇರಬೇಕು.

ಬೆಳಗಿನ ಕೆಲಸದ ಕ್ರಮ ಹೀಗಿರಲಿ. ಮೊದಲು ಆರೋಗ್ಯದ ಮರಿಗಳು, ಆಮೇಲೆ ದೊಡ್ಡ ನಾಯಿಗಳು, ಆಮೇಲೆ ಕ್ವಾರಂಟೈನ್, ಕಟ್ಟಕಡೆಗೆ ಕಾಯಿಲೆಯ ಕೋಣೆ. ಹಿಂದಕ್ಕೆ ಬರುವಂತಿಲ್ಲ. ಪ್ರತಿ ಭಾಗಕ್ಕೂ ಬೇರೆ ಬಣ್ಣದ ಬಕೆಟ್, ಬೇರೆ ಪೊರಕೆ, ಬೇರೆ ಚಪ್ಪಲಿ. ಕೆಂಪು ಬಕೆಟ್ಟು ಕಾಯಿಲೆ ಕೋಣೆಯಿಂದ ಹೊರಗೆ ಕಂಡರೆ ಯಾರಾದರೂ ಕೂಗಿ ಕೇಳುವಂತಿರಬೇಕು.

ಪಾರ್ವೊ ಬಂದ ಗೂಡನ್ನು ತೊಳೆಯುವುದನ್ನು ಹತ್ತಿರದಿಂದ ಹೇಳಬೇಕು, ಯಾಕೆಂದರೆ ಇಲ್ಲೇ ಎಲ್ಲರೂ ಎಡವುತ್ತಾರೆ. ನೆಲದ ಮೇಲೆ ರಕ್ತ ಬೆರೆತ, ಒಮ್ಮೆ ಮೂಗಿಗೆ ಬಡಿದರೆ ಮರೆಯದ ವಾಸನೆಯ ಭೇದಿ. ಕೈಗೆ ಸಿಗುವುದು ಫಿನಾಯಿಲ್. ಸುರಿದರೆ ವಾಸನೆ ಬದಲಾಗುತ್ತದೆ, ವೈರಸ್ ಸಾಯುವುದಿಲ್ಲ. ಮೊದಲು ಕಾಗದದಿಂದಲೋ ಬೂದಿಯಿಂದಲೋ ಗಲೀಜನ್ನು ಪೂರ್ತಿ ಎತ್ತಿ ಚೀಲಕ್ಕೆ ಕಟ್ಟಬೇಕು. ಆಮೇಲೆ ಸೋಪಿನ ನೀರು ಹಾಕಿ ಬ್ರಷ್‌ನಿಂದ ಮೂಲೆ, ಸಂದು, ಬಾಗಿಲಿನ ಅಗುಳಿ, ಬುಟ್ಟಿಯ ತಳ ಎಲ್ಲ ಉಜ್ಜಿ ತೊಳೆಯಬೇಕು. ಯಾಕೆಂದರೆ ಗಲೀಜು ಉಳಿದ ಕಡೆ ಬ್ಲೀಚಿಂಗ್ ಪುಡಿಯ ಶಕ್ತಿಯೆಲ್ಲ ಗಲೀಜಿಗೇ ಖರ್ಚಾಗುತ್ತದೆ. ನೀರು ಬಸಿದ ಮೇಲೆ ಹತ್ತು ಲೀಟರ್ ನೀರಿಗೆ 60 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಕಲಸಿ, ತಿಳಿ ಬಿಟ್ಟು, ಆ ತಿಳಿಯಿಂದ ನೆಲ ಗೋಡೆ ನೆನೆಸಿ. ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಮೇ ತಿಂಗಳಲ್ಲಿ ಮೂರೇ ನಿಮಿಷಕ್ಕೆ ಒಣಗಿಬಿಡುತ್ತದೆ, ಆದ್ದರಿಂದ ಮತ್ತೆ ಮತ್ತೆ ಎರಚುತ್ತಿರಬೇಕು. ಆಮೇಲೆ ಶುದ್ಧ ನೀರು, ಒಣಗುವ ತನಕ ಗೂಡು ಖಾಲಿ. ಪುಡಿಯನ್ನು ಆ್ಯಸಿಡ್ ಜೊತೆಗಾಗಲಿ ಫಿನಾಯಿಲ್ ಜೊತೆಗಾಗಲಿ ಎಂದೂ ಬೆರೆಸಬೇಡಿ, ಆ್ಯಸಿಡ್ ತಾಗಿದರೆ ವಿಷದ ಗಾಳಿ ಏಳುತ್ತದೆ. ಇನ್ನೊಂದು, ನಮ್ಮ ಸೆಖೆಯಲ್ಲಿ ಬಾಯಿ ತೆರೆದ ಚೀಲದ ಬ್ಲೀಚಿಂಗ್ ಪುಡಿ ಕೆಲವೇ ವಾರಗಳಲ್ಲಿ ಬರೀ ಸುಣ್ಣವಾಗುತ್ತದೆ. ಇಪ್ಪತ್ತೈದು ಕೆಜಿ ಚೀಲ ಅಗ್ಗವೆಂದು ತರಬೇಡಿ. ಸಣ್ಣ ಪ್ಯಾಕೆಟ್, ಮುಚ್ಚಳದ ಡಬ್ಬಿ, ಕತ್ತಲ ಕೋಣೆ. ಮಣ್ಣಿನ ನೆಲದಲ್ಲಿ ಪಾರ್ವೊ ತಿಂಗಳುಗಟ್ಟಲೆ ಬದುಕಿರುತ್ತದೆ, ಮಣ್ಣನ್ನು ತೊಳೆಯಲಾಗದು. ಹಾಗಾಗಿ ಲಸಿಕೆ ಪೂರ್ತಿಯಾಗದ ಮರಿಗಳು ಮಣ್ಣಿಗಿಳಿಯಬಾರದು.

ಆ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರ್ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವ ತನಕ. ನಡುವೆ ನಿಲ್ಲಿಸಿದರೆ ಹಾಕಿದ್ದೂ ವ್ಯರ್ಥವಾಗಬಹುದು, ತಾಯಿಯಿಂದ ಬಂದ ರಕ್ಷಣೆ ಇರುವಾಗ ಹಾಕಿದ ಲಸಿಕೆ ಹಿಡಿಯುವುದಿಲ್ಲ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಕರೆಂಟು ಹೋದಾಗ ಫ್ರಿಜ್ಜಿನ ಒಳಗೆ ಎಷ್ಟಿದೆಯೆಂದು ತೋರಿಸುವ ಥರ್ಮಾಮೀಟರ್ ಇಲ್ಲದಿದ್ದರೆ ನೀವು ಚುಚ್ಚುತ್ತಿರುವುದು ಲಸಿಕೆಯೋ ನೀರೋ ತಿಳಿಯುವುದಿಲ್ಲ.

ಅದಕ್ಕಿಂತ ಮೊದಲು ಆಳುಗಳ ತೋಳು. ನಾಯಿ ಮುಟ್ಟುವ ಪ್ರತಿಯೊಬ್ಬರಿಗೂ, ಅಡುಗೆಯವರಿಗೂ, ಮುಂಚಿತವಾಗಿಯೇ ರೇಬೀಸ್ ಲಸಿಕೆ: ಮೊದಲ ದಿನ, ಏಳನೇ ದಿನ, 21 ಅಥವಾ 28ನೇ ದಿನ. ಆಮೇಲೆ ಕಚ್ಚಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು, ಆಸ್ಪತ್ರೆಗೆ ಹೋಗಬೇಕು. ಮುಂಚೆ ಪೂರ್ತಿ ಹಾಕಿಸಿಕೊಂಡವರಿಗೆ ಆಗ ಎರಡು ಚುಚ್ಚುಮದ್ದು ಸಾಕಾಗುತ್ತದೆ, ಗಾಯಕ್ಕೇ ಚುಚ್ಚುವ ಸಿದ್ಧ ಪ್ರತಿಕಾಯದ ಔಷಧಿ ಇಮ್ಯುನೊಗ್ಲೋಬ್ಯುಲಿನ್ ಬೇಕಾಗುವುದಿಲ್ಲ. ಕಚ್ಚಿದ ನಾಯಿಯನ್ನು ಹತ್ತು ದಿನ ಬೇರೆಯಾಗಿಟ್ಟು ನೋಡಬೇಕು. ಜೊಲ್ಲು ಸುರಿಸುತ್ತಾ ದವಡೆ ಜೋತುಬಿದ್ದ ನಾಯಿಯ ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ. ಮೈಮೇಲೆ ಎರಗದೆ ಮಂಕಾಗಿಸುವ 'ಪೆದ್ದು' ರೇಬೀಸ್ ಕಾಣುವುದೇ ಹಾಗೆ.

ನಾಯಿಗಳ ಊಟಕ್ಕೆ ನುಚ್ಚು ನಮ್ಮ ಭಾಗದ ವರ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಕೇಳಿದರೆ ಸೋನಾ ಮಸೂರಿಯ ನುಚ್ಚು ಅಕ್ಕಿಗಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಹದಿನೈದು ಕೆಜಿಯ ನಾಯಿಗೆ ದಿನಕ್ಕೆ 150 ಗ್ರಾಂ ನುಚ್ಚು, 120 ಗ್ರಾಂ ಕೋಳಿ, ಒಂದು ಹಿಡಿ ಕುಂಬಳಕಾಯಿ, ಒಂದು ಚಮಚ ಎಣ್ಣೆ. ನಲವತ್ತಕ್ಕೆ ಆರು ಕೆಜಿ ನುಚ್ಚು, ಐದು ಕೆಜಿಗೆ ಸ್ವಲ್ಪ ಕಡಿಮೆ ಕೋಳಿ. ಬರೀ ಅನ್ನ-ಮಾಂಸದಲ್ಲಿ ಸುಣ್ಣದಂಶ ಸಾಲದು, ಬೆಳೆಯುವ ಮರಿಗಳ ಕಾಲು ಬಿಲ್ಲಾಗುತ್ತದೆ. ಒಣಗಿಸಿ ಪುಡಿಮಾಡಿದ ಮೊಟ್ಟೆಯ ಸಿಪ್ಪೆ, ಕೆಜಿ ಊಟಕ್ಕೆ ಅರ್ಧ ಚಮಚ. ಬೆಂದ ಎಲುಬು ಬೇಡ, ಸಿಗಿದು ಕರುಳಿಗೆ ಚುಚ್ಚುತ್ತದೆ. ಹೋಟೆಲಿನ ಉಳಿದ ಬಿರಿಯಾನಿ, ಸಾಂಬಾರು ಬೇಡ, ಈರುಳ್ಳಿ ನಾಯಿಯ ರಕ್ತವನ್ನು ಒಡೆಯುತ್ತದೆ. ಬೇಸಿಗೆಯಲ್ಲಿ ಊಟ ಬೆಳಿಗ್ಗೆ ಏಳರೊಳಗೆ, ರಾತ್ರಿ ಏಳರ ಮೇಲೆ. ಅರ್ಧ ಗಂಟೆಯಲ್ಲಿ ತಿನ್ನದೆ ಉಳಿದದ್ದನ್ನು ಎತ್ತಿಬಿಡಿ.

ರಾಯಚೂರು, ಕೊಪ್ಪಳ, ಬಳ್ಳಾರಿ ಈ ಮೂರು ಜಿಲ್ಲೆಗಳಲ್ಲಿ ಆಸರೆ ಬೇಕಾದ ಪ್ರಾಣಿಗಳ ಪೈಕಿ ನಾಯಿಗಳ ಜೊತೆಗೆ ಎತ್ತುಗಳೂ ಇವೆ. ಕಾರ ಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿದು ಮೆರೆಸಿದ ಎತ್ತೇ ಟ್ರ್ಯಾಕ್ಟರು ಬಂದ ಮನೆಯಲ್ಲಿ ಮೇವಿನ ಖರ್ಚಾಗಿ ಉಳಿಯುತ್ತದೆ. ಹೆಗಲು ಕಾಯಿಕಟ್ಟಿ, ಗೊರಸು ಬೆಳೆದು, ಎಪಿಎಂಸಿಯ ಹಿಂದೆ ಪ್ಲಾಸ್ಟಿಕ್ ಚೀಲ ಮೇಯುತ್ತಾ ನಿಲ್ಲುತ್ತದೆ. ರೈತನ ಮೇಲೆ ಕೋಪ ಬೇಡ. ಬರಗಾಲದ ವರ್ಷ ಒಂದು ಜೋಡಿಯ ಮೇವು ಹೊಂದಿಸುವುದು ಎಂಥ ಕಷ್ಟವೆಂದು ಶೆಲ್ಟರ್ ನಡೆಸುವವರಿಗೆ ಬೇಗನೆ ತಿಳಿಯುತ್ತದೆ.

ಹಸಿ ಮೇವು ಇಲ್ಲದ ಮಾರ್ಚಿನಿಂದ ಜುಲೈ ತನಕ ಒಂದು ದನಕ್ಕೆ ದಿನಕ್ಕೆ ಎಂಟು ಕೆಜಿ ಒಣಮೇವು ಹಿಡಿದರೆ ಹನ್ನೆರಡಕ್ಕೆ 96 ಕೆಜಿ, 150 ದಿನಕ್ಕೆ 14,400 ಕೆಜಿ. ಸುಮಾರು ಹದಿನಾಲ್ಕೂವರೆ ಟನ್. ಇದನ್ನು ಏಪ್ರಿಲಿನಲ್ಲಿ ಹುಡುಕಲು ಹೊರಟರೆ ದರ ಕೇಳಿಯೇ ವಾಪಸ್ ಬರಬೇಕು. ಭತ್ತದ ಹುಲ್ಲು ಮುಂಗಾರು ಬೆಳೆ ಕಟಾವಿನ ಹೊತ್ತಿಗೆ, ತೊಗರಿ ಹೊಟ್ಟು ಜನವರಿ ಸುಮಾರಿಗೆ, ಹಿಂಗಾರಿ ಜೋಳದ ಕಣಕಿ ರಾಶಿಯ ಕಾಲಕ್ಕೆ, ಹೊಲದಲ್ಲೇ ಖರೀದಿಸಿ ಬಣವೆ ಹಾಕಬೇಕು. ಬಣವೆ ನೆಲದಿಂದ ಒಂದಡಿ ಮೇಲೆ, ಕಲ್ಲಿನ ಮೇಲೆ, ಗೂಡುಗಳಿಂದ ದೂರ. ಭತ್ತದ ಹುಲ್ಲು ಬರೀ ಹೊಟ್ಟೆ ತುಂಬಿಸುತ್ತದೆ, ಕಸುವಿಲ್ಲ. ನೂರು ಕೆಜಿ ಹುಲ್ಲಿಗೆ ನಾಲ್ಕು ಕೆಜಿ ಯೂರಿಯಾವನ್ನು ಐವತ್ತು-ಅರವತ್ತು ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರಕ್ಕೆ ಚಿಮುಕಿಸಿ, ತುಳಿದು, ತಾಡಪತ್ರಿಯಿಂದ ಗಾಳಿಯಾಡದಂತೆ ಮುಚ್ಚಿ 21 ದಿನ ಬಿಟ್ಟರೆ ಅದೇ ಹುಲ್ಲು ಮೆತ್ತಗಾಗಿ ಸತ್ವ ಹಿಡಿಯುತ್ತದೆ. ತೆಗೆದ ಮೇಲೆ ಒಂದು ಗಂಟೆ ಗಾಳಿಗೆ ಹರಡಿ, ಘಾಟು ಹೋದ ಮೇಲೆ ಹಾಕಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಯೂರಿಯಾ ಕಲಸಿದ ಬಕೆಟ್ಟನ್ನು ದನದ ಬಾಯಿಗೆ ಸಿಗುವಲ್ಲಿ ಬಿಟ್ಟರೆ ಅದು ವಿಷ.

ಇಲ್ಲಿಯ ದನಗಳನ್ನು ಕೊಲ್ಲುವ ಎರಡು ಮೇವುಗಳಿವೆ, ಎರಡೂ ಪ್ರೀತಿಯಿಂದಲೇ ಬರುತ್ತವೆ. ಒಂದು, ಮದುವೆ ಮನೆಯಲ್ಲಿ ಉಳಿದ ಅನ್ನ, ಪಾಯಸ. ಕಲ್ಯಾಣ ಮಂಟಪದಿಂದ ಟಂಟಂನಲ್ಲಿ ತಂದು "ಗೋಮಾತೆಗೆ" ಅಂತ ಸುರಿದು ಹೋಗುತ್ತಾರೆ. ಹುಲ್ಲಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಅಷ್ಟು ಅನ್ನ ಬಿದ್ದರೆ ಅದು ಹುಳಿಯಾಗಿ, ಮೆಲುಕು ನಿಂತು, ಮರುದಿನಕ್ಕೆ ದನ ನೆಲ ಹಿಡಿಯುತ್ತದೆ. ಎಡ ಪಕ್ಕೆಯನ್ನು ಮುಷ್ಟಿಯಿಂದ ಒತ್ತಿದರೆ ಒಳಗೆ ನೀರು ತುಳುಕಿದಂತಾಗುತ್ತದೆ, ಸಗಣಿ ತೆಳ್ಳಗೆ ಹುಳಿ ನಾರುತ್ತದೆ. ಡಾಕ್ಟರು ತಡವಾದರೆ ಉಳಿಯುವುದಿಲ್ಲ. ಅನ್ನ ತಂದವರಿಗೆ ಕೈಮುಗಿದು, ಮುಂದಿನ ಸಲ ಒಂದು ಹೊರೆ ಮೇವು ತನ್ನಿ ಅನ್ನಿ. ಇನ್ನೊಂದು, ಎಳೆ ಜೋಳ. ಮೊಣಕಾಲುದ್ದದ ಒಳಗಿನದು, ಮಳೆ ಕೈಕೊಟ್ಟು ಬಾಡಿ ನಿಂತದ್ದು, ಕೊಯ್ದ ಮೇಲೆ ಚಿಗುರಿದ ಕೂಳೆ, ಇವುಗಳಲ್ಲಿ ಸೈನೈಡ್ ಆಗುವ ವಿಷವಿದೆ. ತಿಂದ ಅರ್ಧ ಗಂಟೆಯೊಳಗೆ ಏದುಸಿರು, ತೂರಾಟ, ಸಾವು. ದಾನಿಗಳು ಹೊಲದಿಂದ ಹಸಿ ಜೋಳ ತಂದರೆ ತೆನೆ ಬಿಟ್ಟ ಬೆಳೆಯೋ ಅಲ್ಲವೋ ನೋಡಿಯೇ ಇಳಿಸಿಕೊಳ್ಳಿ. ಚೆನ್ನಾಗಿ ಒಣಗಿದ ಕಣಕಿಗೆ ಭಯವಿಲ್ಲ.

ಬಿಸಿಲು ಬಡಿದ ನಾಯಿಯ ಬಗ್ಗೆ ಒಂದು ಮಾತು. ಅದರ ಮೈಶಾಖ ಸಹಜವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. 41 ದಾಟಿದರೆ ಮಿದುಳು, ಕರುಳು ಬೇಯುತ್ತಿವೆ ಎಂದೇ ಅರ್ಥ. ಹೊಟ್ಟೆ, ತೊಡೆಸಂದು, ಪಾದಗಳಿಗೆ ನೀರು ಹಾಕಿ ಫ್ಯಾನಿಗೆ ಒಡ್ಡಬೇಕು, 39.5ಕ್ಕೆ ಇಳಿದ ಕೂಡಲೇ ನಿಲ್ಲಿಸಿ ಡಾಕ್ಟರ ಬಳಿಗೆ. ಗಾಬರಿಯಲ್ಲಿ ಎಲ್ಲರೂ ತಿರುಗಿಸುವುದು ಕೈಗೆ ಹತ್ತಿರದ ನಲ್ಲಿ. ಅದು ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ನೀರು, ಮಧ್ಯಾಹ್ನ ಎರಡಕ್ಕೆ ಕೈ ಇಡಲಾಗದಷ್ಟು ಬಿಸಿ. ಸಂಪಿನ ನೀರನ್ನೇ ಸೇದಿ ಹಾಕಿ. ಹಸ್ಕಿ, ಸೇಂಟ್ ಬರ್ನಾರ್ಡ್‌ನಂಥ ಚಳಿ ಸೀಮೆಯ ನಾಯಿಗಳನ್ನು ಸಾಕಲಾರದೆ ತಂದುಬಿಡುವವರು ನಮ್ಮಲ್ಲೂ ಹೆಚ್ಚುತ್ತಿದ್ದಾರೆ. ಅವಕ್ಕೆ ಈ ಊರಿನ ಮೇ ತಿಂಗಳಲ್ಲಿ ಕೂಲರ್ ಇಲ್ಲದೆ ಬದುಕಿಲ್ಲ, ಒಂದು ಕೋಣೆಯನ್ನು ಅದಕ್ಕೆಂದೇ ಇಟ್ಟಿರಿ.

ಬೆಕ್ಕುಗಳಿಗೆ ನಾಯಿಗಳ ಸದ್ದು ಕೇಳದ ಬೇರೆ ಕೋಣೆ. ನಾಯಿಗೆ ಹೊಡೆಯುವ ಉಣ್ಣೆ ಔಷಧಿ, ಫಿನಾಯಿಲ್, ಪ್ಯಾರಾಸಿಟಮಾಲ್ ಮೂರೂ ಬೆಕ್ಕನ್ನು ಕೊಲ್ಲಬಹುದು. ಹುಳ ಬಿದ್ದ ಗಾಯಕ್ಕೆ ಸೀಮೆಎಣ್ಣೆ, ನುಸಿಗುಳಿಗೆ ಪುಡಿ ಯಾವ ಪ್ರಾಣಿಗೂ ಬೇಡ. ದನಗಳ ನೋವಿಗೆ ಡೈಕ್ಲೋಫೆನಾಕ್ 2006ರಿಂದಲೇ ನಿಷೇಧ, 2023ರಲ್ಲಿ ಕೀಟೊಪ್ರೊಫೆನ್ ಕೂಡ ಸೇರಿತು. ಆ ಔಷಧಿ ಹಾಕಿದ ದನ ಸತ್ತರೆ ಹೆಣ ತಿಂದ ರಣಹದ್ದುಗಳು ಸಾಯುತ್ತವೆ. ಮೆಲಾಕ್ಸಿಕಾಮ್ ಇದೆ, ಡಾಕ್ಟರಿಗೆ ಅದನ್ನೇ ಕೇಳಿ. ಗಾಯಗೊಂಡ ಗಿಳಿ, ನಕ್ಷತ್ರ ಆಮೆ, ನವಿಲು ಬಂದರೆ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಬೇಕು. ಕರುಣೆಯಿಂದ ಇಟ್ಟುಕೊಂಡರೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಕಾಗದದ ಕೆಲಸ ಬೇಸರವೆನಿಸಿದರೂ ಮುಂದೆ ಕಾಪಾಡುವುದು ಅದೇ. ಟ್ರಸ್ಟ್ ಮಾಡಬಹುದು, ಇಲ್ಲವೇ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನರ ಸಂಘ. ಆಮೇಲೆ ಆದಾಯ ತೆರಿಗೆ ಇಲಾಖೆಯ ನೋಂದಣಿ, ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ ಅನುಮೋದನೆ (ಹಳೆಯ ಕಾಯ್ದೆಯಲ್ಲಿ 12ಎ, 80ಜಿ ಅನ್ನುತ್ತಿದ್ದವು), ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಕೇಂದ್ರ ನಡೆಸಬೇಕೆಂದರೆ 2023ರ ಪ್ರಾಣಿ ಸಂತಾನ ನಿಯಂತ್ರಣ (ಎಬಿಸಿ) ನಿಯಮಗಳಂತೆ ಮಂಡಳಿಯಿಂದ ಬೇರೆಯೇ ಪ್ರಮಾಣಪತ್ರ ಬೇಕು. ಆ ನಿಯಮಗಳ ತಿರುಳು, ಆರೋಗ್ಯವಾಗಿರುವ ಬೀದಿ ನಾಯಿಯನ್ನು ಆಪರೇಷನ್, ಲಸಿಕೆ ಮಾಡಿಸಿ ಹಿಡಿದ ಜಾಗಕ್ಕೇ ಬಿಡುವುದು. ನವೆಂಬರ್ 2025ರಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡದೆ ಆಸರೆಗೆ ಸಾಗಿಸಲು ಆದೇಶಿಸಿತು. ಅಂಥ ನಾಯಿಗಳನ್ನು ಇಟ್ಟುಕೊಳ್ಳಿ ಎಂದು ಸ್ಥಳೀಯ ಸಂಸ್ಥೆಯವರು ಫೋನಿನಲ್ಲಿ ಕೇಳಿದರೆ ಫೋನಿನಲ್ಲಿ ಹೂಂ ಅನ್ನಬೇಡಿ. ಎಷ್ಟು ನಾಯಿ, ಎಷ್ಟು ತಿಂಗಳು, ಊಟ ಔಷಧಿಯ ಹಣ ಯಾರದು ಎನ್ನುವುದು ಪತ್ರದಲ್ಲಿ ಬರಲಿ. ಪೊಲೀಸರು ಹಿಡಿದು ತಂದ ದನಗಳಿಗೂ ಇದೇ. ಎಫ್‌ಐಆರ್ ಪ್ರತಿ, ಕಿವಿಯ ಓಲೆಯ ಹನ್ನೆರಡು ಅಂಕಿ, ಬಂದ ದಿನದ ಫೋಟೊ ಇಟ್ಟುಕೊಳ್ಳಿ. ಪ್ರಕರಣದ ಪ್ರಾಣಿಗಳ ಪಾಲನೆಯ ಬಗ್ಗೆ 2017ರ ಕೇಂದ್ರ ನಿಯಮಗಳಿವೆ. ಖರ್ಚನ್ನು ಮಾಲೀಕನಿಂದ ಕೊಡಿಸಲು ನ್ಯಾಯಾಲಯವನ್ನು ಕೇಳಬಹುದು, ಆದರೆ ದಿನದಿನದ ರಸೀದಿ ಇದ್ದರೆ ಮಾತ್ರ.

ಒಳಗೆ ಬರುವ ದಾರಿಯಷ್ಟೇ ಅಗಲವಾದ ಹೊರಗೆ ಹೋಗುವ ದಾರಿ ಬೇಕು. ಗುಣವಾದ ಬೀದಿ ನಾಯಿ ತನ್ನ ಓಣಿಗೆ ಮರಳಲಿ, ಅಲ್ಲಿ ಅದಕ್ಕೆ ರೊಟ್ಟಿ ಹಾಕುವವರಿದ್ದಾರೆ. ನಾಟಿ ಮರಿಗಳಿಗೆ ಪೇಟೆಯ ಮನೆಗಿಂತ ಹೊಲದ ಮನೆಗಳಲ್ಲಿ, ಮಾನ್ವಿ, ಲಿಂಗಸುಗೂರು ಕಡೆಯ ತೋಟಗಳಲ್ಲಿ ಬೇಗ ಜಾಗ ಸಿಗುತ್ತದೆ. ಆಪರೇಷನ್ ಆಗದೆ ಕೊಡಬೇಡಿ, ತಿಂಗಳಿಗೊಮ್ಮೆ ಫೋನ್ ಮಾಡಿ. ಹೊರಗೆ ಹೋಗುವ ಇನ್ನೊಂದು ದಾರಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಬೆನ್ನೆಲುಬು ಮುರಿದು ಹುಣ್ಣಾಗಿ, ಔಷಧಿಗೂ ನೋವು ಇಳಿಯದ, ಊಟ ಬಿಟ್ಟ ಪ್ರಾಣಿಯನ್ನು "ಜೀವ ಇರುವ ತನಕ ಇರಲಿ" ಎಂದು ಮೂಲೆಯಲ್ಲಿ ಬಿಡುವುದು ದಯೆ ಅಲ್ಲ. ನೋಂದಾಯಿತ ಪಶುವೈದ್ಯರು ಲಿಖಿತವಾಗಿ ನಿರ್ಧರಿಸಿ, ನೋವಿಲ್ಲದೆ ಕಳಿಸಬೇಕು. ಆ ಹೊತ್ತಿನಲ್ಲಿ ಅದಕ್ಕೆ ಊಟ ಹಾಕಿದ ಕೈ ಅದರ ತಲೆಯ ಮೇಲಿರಲಿ.

ಪ್ರತಿ ಪ್ರಾಣಿಗೂ ಒಂದು ಪುಟ: ಬಂದ ದಿನ, ಜಾಗ, ತೂಕ, ಲಸಿಕೆ, ಹೋದ ದಿನ. ಸತ್ತವುಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಇಡಿ, ತಿಂಗಳಿಗೊಮ್ಮೆ ಕೂತು ಓದಿ. ಬಂದ ಹದಿನಾಲ್ಕು ದಿನದೊಳಗೆ ಸಾವು ಹೆಚ್ಚಿದ್ದರೆ ರೋಗ ಹೊರಗಿನಿಂದ ಬರುತ್ತಿದೆ, ಬಂದ ಕೂಡಲೇ ಸಿಗುವ ಚಿಕಿತ್ಸೆ ಸಾಲುತ್ತಿಲ್ಲ. ಅದಾದ ಮೇಲೆ ಸಾಯುತ್ತಿದ್ದರೆ ರೋಗ ಒಳಗೇ ಇದೆ. ಚರಂಡಿ, ಬಕೆಟ್, ಕೆಲಸದ ಕ್ರಮ ಇವನ್ನು ಮತ್ತೆ ನೋಡಬೇಕು, ಹೊಸ ಪ್ರವೇಶ ನಿಲ್ಲಿಸಬೇಕು.

ರೋಹಿಣಿ ಮಳೆಯ ಹೊತ್ತಿಗೆ ದನಗಳಿಗೆ ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಆಗಿರಬೇಕು. ಮೊದಲ ಮಳೆ ಬಿದ್ದ ಮರುದಿನ ಚರಂಡಿಯ ಉದ್ದಕ್ಕೂ ನಡೆದು ಎಲ್ಲಿ ನೀರು ನಿಂತಿದೆ ನೋಡಿ, ಗೋಡೆಯ ಸಂದಿನಿಂದ ಉಣ್ಣೆ ಏಳುವ ಕಾಲವೂ ಅದೇ. ಅದೇ ದಿನ ಸಂಪಿಗೆ ಕೋಲು ಇಳಿಸಿ ಎಷ್ಟು ಅಡಿ ನೀರು ಉಳಿದಿತ್ತು, ಬಣವೆಯಲ್ಲಿ ಎಷ್ಟು ದಿನದ ಕಣಕಿ ಉಳಿದಿತ್ತು, ಮೇ ತಿಂಗಳಲ್ಲಿ ಎಷ್ಟು ಟ್ಯಾಂಕರ್ ತರಿಸಿದಿರಿ ಎಂದು ರಿಜಿಸ್ಟರಿನಲ್ಲಿ ಬರೆದಿಡಿ. ಎಪಿಎಂಸಿ ಹಿಂದಿನ ಆ ಮುದಿ ಎತ್ತನ್ನು ಈ ವರ್ಷ ತರಬಹುದೇ ಇಲ್ಲವೇ ಎಂದು ಆ ಪುಟ ನೋಡಿ ನಿರ್ಧರಿಸಬಹುದು.